ಸಣ್ಣ ಕರುಳು ಸೋರಿದ ಪ್ರಕರಣ

ನಾಲ್ಕನೇ ಕ್ಲಾಸಿನ ವಿಜ್ಞಾನ ಕಷ್ಟ ಎಂದು ಇದುವರೆಗೆ ಯಾವ ಮಗುವೂ ದೂರು ಕೊಟ್ಟಿದ್ದಿಲ್ಲ. ಕಷ್ಟ ಶುರುವಾಗುವುದು ಮಗುವಿನ ಪುಸ್ತಕ ಅಪ್ಪನ ಕೈಗೆ ಸಿಕ್ಕಮೇಲೆ.

ನಮ್ಮ ಕಥೆಯ ಅಪ್ಪ ಸರ್ಕಾರಿ ಕಚೇರಿಯೊಂದರ ನಕಲು ವಿಭಾಗದಲ್ಲಿ ಗುಮಾಸ್ತ. ಹಳೆಯ ಪತ್ರಗಳ ನಕಲು ತೆಗೆದು, ಮೂಲದಲ್ಲಿದ್ದಂತೆಯೇ ಇದೆ ಎಂದು ಮೊಹರು ಒತ್ತುವುದು ಅವನ ಕೆಲಸ. ಆದರೆ ಅವನು ಬಾಡಿಗೆಗಿದ್ದ ಮೂರು ಮಹಡಿಯ ಕಟ್ಟಡದಲ್ಲಿ ಅವನನ್ನು ಯಾರೂ ಗುಮಾಸ್ತ ಅನ್ನುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವನು 'ವಿಜ್ಞಾನಿ'. ಒಮ್ಮೆ ಕೆಟ್ಟುಹೋದ ಸೀಲಿಂಗ್ ಫ್ಯಾನನ್ನು ಬಿಚ್ಚಿ ತಾನೇ ಜೋಡಿಸಿದ್ದ. ಫ್ಯಾನು ತಿರುಗಿತು, ಉಲ್ಟಾ ತಿರುಗಿತು. ಕೆಳಗೆ ಕೂತವರು ಬೆವರುತ್ತಿದ್ದರೆ ಚಾವಣಿಯ ಜೇಡನಿಗೆ ತಂಗಾಳಿ. "ಬಿಸಿಗಾಳಿ ಮೇಲಕ್ಕೆ ಹೋಗೋದು ಪ್ರಕೃತಿ ನಿಯಮ. ನಾನು ದಾರಿ ಮಾಡ್ಕೊಟ್ಟಿದ್ದೀನಿ ಅಷ್ಟೇ" ಎಂದು ಅವನು ವಿವರಣೆ ಕೊಟ್ಟ. ಅಂದೇ ಬಿರುದು ಬಂತು. ಕೊಟ್ಟವರು ನಗುತ್ತ ಕೊಟ್ಟರು, ಇವನು ಗಂಭೀರವಾಗಿಯೇ ಇಟ್ಟುಕೊಂಡ.

ಬುಧವಾರ ಸಂಜೆ ಮಗಳು ಶಾಲೆಯಿಂದ ಬಂದು ಬ್ಯಾಗು ಇಳಿಸಿ ಹೇಳಿದಳು:

"ಅಪ್ಪಾ, ಶನಿವಾರ ವಿಜ್ಞಾನದ್ದು ಪ್ರಾಜೆಕ್ಟ್ ತಗೊಂಡು ಹೋಗ್ಬೇಕು. ತಿಂದಿದ್ದು ಹೇಗೆ ಅರಗುತ್ತೆ ಅಂತ. ಅದರ ಮುಂದೇನೇ ನಿಂತ್ಕೊಂಡು ಟೀಚರ್ ಕೇಳಿದ್ದಕ್ಕೆಲ್ಲ ಉತ್ತರ ಹೇಳ್ಬೇಕು. ಅದೇ ಪರೀಕ್ಷೆ. ಚಿಕ್ಕದಾದ್ರೂ ಪರವಾಗಿಲ್ಲ, ನೀವೇ ಮಾಡಿ ಅಂದಿದಾರೆ."

ಟೀಚರು 'ನೀವೇ' ಅಂದದ್ದು ಮಕ್ಕಳಿಗೆ. ವಿಜ್ಞಾನಿ ಅದನ್ನು ತನಗೆ ಕೊಟ್ಟ ಮರ್ಯಾದೆ ಎಂದು ತಿಳಿದುಕೊಂಡ.

"ಚಿಕ್ಕದು ಯಾಕಮ್ಮ? ಕೆಲಸ ಮಾಡೋ ಹೊಟ್ಟೇನೇ ಮಾಡೋಣ! ಬಾಯಿಗೆ ಹಾಕಿದ್ರೆ ಗಂಟಲಿಂದ ಇಳಿದು, ಹೊಟ್ಟೇಲಿ ಕಲಸಿ, ಕರುಳಲ್ಲೆಲ್ಲ ಸುತ್ತಿ..."

"ಕೊನೇಲಿ ಎಲ್ಲಿಗೆ ಬರುತ್ತೆ?" ಔಷಧಿ ಅಂಗಡಿಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳು.

"ಅದನ್ನ ಆಮೇಲೆ ಯೋಚನೆ ಮಾಡಿದ್ರಾಯ್ತು."

"ಇಂಥದ್ದನ್ನೆಲ್ಲ ಮೊದಲೇ ಯೋಚನೆ ಮಾಡ್ಬೇಕು ರೀ. ನೆಲ ಒರೆಸೋಳು ನಾನು."

ಮಗಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ ಅವಳ ಡ್ರಾಯಿಂಗ್ ಹಾಳೆಯನ್ನೂ ಪೆನ್ಸಿಲನ್ನೂ ಕಸಿದುಕೊಂಡು ಕರುಳು ಬರೆಯುತ್ತಿದ್ದ.

ಮಾರನೆಯ ದಿನ ಬೆಳಗ್ಗೆ ಅವನು ಸಾಹೇಬರ ಕೋಣೆಯಲ್ಲಿ ಕೈಕಟ್ಟಿ ನಿಂತ. ಸಾಹೇಬರಿಗೆ ಜಗತ್ತಿನಲ್ಲಿ ಎರಡೇ ಭಯ: ಒಂದು ಲೆಕ್ಕ ತಪಾಸಣೆ, ಇನ್ನೊಂದು ಕಾಯಿಲೆ. ಎದುರಿಗಿದ್ದವರು ಸೀನಿದರೆ ಇವರು ಕಷಾಯ ಕುಡಿಯುತ್ತಿದ್ದರು.

"ಸರ್, ಇವತ್ತಿಂದ ಶನಿವಾರದವರೆಗೆ ರಜ ಬೇಕಿತ್ತು. ಸ್ವಲ್ಪ ಕರುಳಿನ ಕೆಲಸ ಇದೆ."

ಸಾಹೇಬರು ಕುರ್ಚಿಯನ್ನು ಗೋಡೆಯವರೆಗೆ ಹಿಂದಕ್ಕೆ ಸರಿಸಿದರು. "ಕರುಳಾ? ಏನಾಗಿದೆ?"

"ಜೋಡಿಸ್ಬೇಕು ಸರ್."

"ಅಯ್ಯೋ ದೇವರೇ! ಹೊಲಿಗೆ ಹಾಕ್ತಾರಾ?"

"ಇಲ್ಲ ಸರ್, ಗಮ್ಮಲ್ಲೇ ಅಂಟುತ್ತೆ."

"ಗಮ್ಮಲ್ಲಿ! ನೋಡಪ್ಪಾ, ಕಾಲ ಎಲ್ಲಿಗೆ ಬಂತು! ಯಾವ ಆಸ್ಪತ್ರೆ?"

ಇಲ್ಲಿ ಒಬ್ಬ ಪ್ರಾಮಾಣಿಕ ಮನುಷ್ಯನಾಗಿದ್ದರೆ ಸತ್ಯ ಹೇಳಿ ತನ್ನ ಮೇಜಿಗೆ ವಾಪಸು ಹೋಗುತ್ತಿದ್ದ. ನಮ್ಮವನೂ ಪ್ರಾಮಾಣಿಕನೇ. ಹಾಗಾಗಿ ಕೇಳಿದ ಪ್ರಶ್ನೆಗೆ ನಿಜವಾದ ಉತ್ತರವನ್ನೇ ಕೊಟ್ಟ.

"ಮನೇಲೇ ಸರ್."

ಸಾಹೇಬರು ಸಹಿ ಹಾಕಿ, ಅರ್ಜಿಯನ್ನು ಸ್ಕೇಲಿನ ತುದಿಯಿಂದ ಅವನತ್ತ ತಳ್ಳಿದರು.

ಮನೆಗೆ ಬಂದವನೇ ವಿಜ್ಞಾನಿ ಮಾನವ ಶರೀರದ ರಚನೆಗೆ ಕೈಹಾಕಿದ. ಗಿಡಕ್ಕೆ ನೀರು ಹಾಕುವ ಗುಲಾಬಿ ಬಣ್ಣದ ಪೈಪು ಸಣ್ಣ ಕರುಳಾಯಿತು. ವಾಷಿಂಗ್ ಮೆಷಿನ್ನಿನ ಸುಕ್ಕುಸುಕ್ಕು ಪೈಪು ದೊಡ್ಡ ಕರುಳು. ಹೆಂಡತಿಯ ಸೊಂಟನೋವಿಗೆಂದು ಇದ್ದ ಬಿಸಿನೀರಿನ ರಬ್ಬರ್ ಚೀಲ ಹೊಟ್ಟೆ. ಹೊಟ್ಟೆಯಲ್ಲಿ ಆಮ್ಲ ಇರಬೇಕಲ್ಲ, ಅದಕ್ಕೆ ನಿಂಬೆಹಣ್ಣಿನ ರಸ. ಮಗಳ ಅಜ್ಜಿ ಹೊಸದು ಕಟ್ಟಿಸಿಕೊಂಡ ಮೇಲೆ ಬಿಟ್ಟುಹೋಗಿದ್ದ ಹಳೆಯ ಹಲ್ಲುಸೆಟ್ಟು ಬಾಯಿ. ಪಿತ್ತಜನಕಾಂಗಕ್ಕೆ ಏನೂ ಸಿಗಲಿಲ್ಲ. ಅದು ಕಂದು ಬಣ್ಣದ ದೊಡ್ಡ ಅಂಗ ಎಂದು ಪುಸ್ತಕದಲ್ಲಿತ್ತು. ತನ್ನ ಎಡಗಾಲಿನ ಚಪ್ಪಲಿಯನ್ನೇ ಬಾರು ಕಿತ್ತು, ಎಲ್ಲವನ್ನೂ ಜೋಡಿಸುತ್ತಿದ್ದ ಮರದ ಹಲಗೆಗೆ ಮೊಳೆ ಹೊಡೆದು ಕೂರಿಸಿದ. ಊಟವನ್ನು ಮುಂದಕ್ಕೆ ತಳ್ಳಲು ಸೈಕಲ್ ಪಂಪು.

ಪಂಪು ಒತ್ತಿದೊಡನೆ ಕರುಳು ನಾಲ್ಕಾರು ಕಡೆ ಚಿಮ್ಮಿತು.

ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಅವನು ಹೊರಗೆ ಮೆಟ್ಟಿಲ ಬಳಿ ಬಂದು, ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಹೆಂಡತಿಯ ಅಣ್ಣನಿಗೆ ಫೋನ್ ಮಾಡಿದ. ಅಂಗಡಿಯ ಗದ್ದಲದಲ್ಲಿ ಅತ್ತಲಿಂದ ಸರಿಯಾಗಿ ಕೇಳಿಸಲಿಲ್ಲ. ಹಾಗಾಗಿ ಇತ್ತಲಿಂದ ಕೂಗಬೇಕಾಯಿತು.

"ಭಾವಾ! ಸಣ್ಣ ಕರುಳು ಆಗ್ಲಿಂದ ಸೋರ್ತಾ ಇದೆ! ದೊಡ್ಡದು ಹೊರಗೇ ಇದೆ, ಒಳಗೆ ಹೋಗ್ತಾನೇ ಇಲ್ಲ!... ಹೊಟ್ಟೇನಾ? ಕಿತ್ತು ಬಕೆಟ್ಟಲ್ಲಿ ಇಟ್ಟಿದ್ದೀನಿ!... ಇಲ್ಲ ಭಾವಾ, ಅವಳಿಗಿನ್ನೂ ಹೇಳಿಲ್ಲ. ಹೇಳಿದ್ರೆ ಎದೆ ಒಡ್ಕೋತಾಳೆ!... ಶನಿವಾರದೊಳಗೆ ಏನಾದ್ರೂ ಮಾಡ್ಬೇಕು. ಶನಿವಾರ ದಾಟಿದ್ರೆ ಮುಗೀತು ನನ್ನ ಕಥೆ!"

ಎದುರುಮನೆಯ ಬಾಗಿಲು ಒಂದು ಬೆರಳಿನಷ್ಟು ತೆರೆದಿತ್ತು. ಅಲ್ಲಿದ್ದಾಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ನಿವೃತ್ತರಾದವರು, ಕಟ್ಟಡಕ್ಕೆಲ್ಲ 'ಫೋನಮ್ಮ'. ಎಕ್ಸ್‌ಚೇಂಜು ಮುಚ್ಚಿ ಎಷ್ಟೋ ಕಾಲವಾಗಿತ್ತು. ಫೋನಮ್ಮನ ಲೈನುಗಳು ಮಾತ್ರ ಚಾಲ್ತಿಯಲ್ಲಿದ್ದವು. ಆಕೆ ಬಾಗಿಲು ಮುಚ್ಚಿ, ಕಣ್ಣೊರೆಸಿಕೊಂಡು, ಕೆಲಸ ಶುರುಮಾಡಿದರು.

ನೆಲಮಹಡಿಯ ಟೈಲರಿಗೆ ಸುದ್ದಿ ಮುಟ್ಟಿದಾಗ ವಿಜ್ಞಾನಿಯ ಕರುಳು ಸೋರುತ್ತಿತ್ತು. ಟೈಲರಿಂದ ಕಟ್ಟಡ ಸಂಘದ ಕಾರ್ಯದರ್ಶಿಗೆ ಮುಟ್ಟುವಷ್ಟರಲ್ಲಿ ಕರುಳು ಪೂರ್ತಿ ಹೊರಗೆ ಬಂದು, ಡಾಕ್ಟರು ಶನಿವಾರದ ಗಡುವು ಕೊಟ್ಟಾಗಿತ್ತು. ಪಕ್ಕದೂರಿನಲ್ಲಿದ್ದ ಅವನ ಅಕ್ಕನಿಗೆ ಫೋನಮ್ಮ ಖುದ್ದಾಗಿ ತಿಳಿಸಿದರು. ಆದರೆ ಅಕ್ಕನಿಗೆ ಎಡಗಿವಿ ಮಂದ, ಫೋನು ಹಿಡಿದಿದ್ದದ್ದು ಎಡಗಿವಿಗೇ. ಅವಳಿಗೆ ತಿಳಿದದ್ದು ಇಷ್ಟು: ತಮ್ಮ ಬಕೆಟ್ಟಿನಲ್ಲಿದ್ದಾನೆ, ಶನಿವಾರ ಎಲ್ಲ ಮುಗಿಯುತ್ತದೆ, ಹೆಂಡತಿಗೆ ಇನ್ನೂ ಹೇಳಿಲ್ಲ.

ಶುಕ್ರವಾರ ಸಂಜೆ ಹೆಂಡತಿ ಇನ್ನೂ ಅಂಗಡಿಯಿಂದ ಬಂದಿರಲಿಲ್ಲ. ಮಗಳು ಮೂಲೆಯಲ್ಲಿ ಕೂತು ವಿಜ್ಞಾನದ ಪಾಠ ಓದುತ್ತಿದ್ದಳು. ವಿಜ್ಞಾನಿ ನೆಲದ ಮೇಲೆ ಅಂಗಾತ ಮಲಗಿ, ಹಲಗೆಯ ಅಡಿಯಿಂದ ಪೈಪು ಬಿಗಿಯುತ್ತಿದ್ದ. ಅವನ ಬನಿಯನ್ನಿನ ತುಂಬ ಕೆಂಪು ಬಣ್ಣ. ಎದೆಯಿಂದ ಮಂಡಿಯವರೆಗೆ ಗುಲಾಬಿ ಪೈಪು ಸುತ್ತಿಕೊಂಡಿತ್ತು. ತಲೆಯ ಪಕ್ಕದಲ್ಲಿ ಬಕೆಟ್ಟು.

ಇದೇ ಹೊತ್ತಿಗೆ ಕಾರ್ಯದರ್ಶಿ, ಟೈಲರು, ಫೋನಮ್ಮ ಮೂವರೂ ಬಾಗಿಲಲ್ಲಿ ಪ್ರತ್ಯಕ್ಷರಾದರು. ಕಾಯಿಲೆಯವರನ್ನು ನೋಡಲು ಹೋಗುವವರು ಏನು ಒಯ್ಯಬೇಕೆಂದು ಮೂವರೂ ಬೇರೆಬೇರೆಯಾಗಿ ಯೋಚಿಸಿ, ಮೂವರೂ ಬ್ರೆಡ್ಡೇ ತಂದಿದ್ದರು. ಒಳಗಿನ ದೃಶ್ಯ ನೋಡಿ ಟೈಲರು ಗೋಡೆ ಹಿಡಿದುಕೊಂಡ. ಬಟ್ಟೆ ಕತ್ತರಿಸಿ ರೂಢಿ, ಇದನ್ನು ನೋಡಿ ರೂಢಿಯಿರಲಿಲ್ಲ.

ವಿಜ್ಞಾನಿಗೆ ಆನಂದವೋ ಆನಂದ. ತನ್ನ ಪ್ರಾಜೆಕ್ಟಿನ ಕೀರ್ತಿ ಇಷ್ಟು ಬೇಗ ಹಬ್ಬಿತೇ!

"ಬನ್ನಿ, ಬನ್ನಿ! ನೋಡೋಕೆ ಬಂದ್ರಾ? ಏಳೋಕಾಗಲ್ಲ, ಎದ್ರೆ ಕರುಳು ಕಳಚಿ ಬೀಳುತ್ತೆ."

"ಬೇಡಪ್ಪಾ, ಏಳ್ಬೇಡ!" ಫೋನಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. "ನೋವಿದೆಯಾ?"

"ಸೊಂಟ ಸ್ವಲ್ಪ ಹಿಡ್ಕೊಂಡಿದೆ, ಅಷ್ಟೇ."

"ಎಂಥ ಗಟ್ಟಿ ಜೀವ!" ಎಂದ ಟೈಲರು, ಗೋಡೆಯ ಕಡೆ ಮುಖ ಮಾಡಿಕೊಂಡೇ.

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. ಸಂಘದ ಸಭೆಗಳಲ್ಲಿ ನೀರಿನ ಟ್ಯಾಂಕಿನ ಬಗ್ಗೆ ಮಾತಾಡುವಾಗ ಬರುವ ದನಿಯೇ ಬಂತು. "ನಾಳೆ... ಅಂದ್ರೆ ಶನಿವಾರದ ಮೇಲೆ... ಏನು ಅಂತ ತೀರ್ಮಾನ ಮಾಡಿದ್ದೀರಿ?"

"ಶಾಲೆಗೇ ಕೊಟ್ಬಿಡ್ತೀನಿ."

"ಏನನ್ನ?"

"ಎಲ್ಲಾನೂ! ಹಲ್ಲು, ಹೊಟ್ಟೆ, ಕರುಳು, ಒಂದನ್ನೂ ಇಟ್ಕೊಳಲ್ಲ. ನಮ್ಮ ಮನೇಲಿ ಇಟ್ಕೊಂಡು ಏನ್ ಮಾಡೋದು, ಜಾಗ ಬೇರೆ ಇಲ್ಲ. ಮಕ್ಕಳು ಮುಟ್ಟಿ ನೋಡಿ ಕಲೀಲಿ."

ಮೂವರೂ ದೇಹವನ್ನು ವೈದ್ಯಕೀಯ ಕಾಲೇಜಿಗೆ ದಾನ ಮಾಡುವವರನ್ನು ಕೇಳಿದ್ದರು. ಪ್ರಾಥಮಿಕ ಶಾಲೆಗೆ ಮಾಡುವವನನ್ನು ಕಂಡದ್ದು ಇದೇ ಮೊದಲು. ಕಾರ್ಯದರ್ಶಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನಿಮ್ಮನ್ನ ವಿಜ್ಞಾನಿ ಅಂತ ಆಡ್ಕೋತಿದ್ವಿ ಸ್ವಾಮಿ. ತಪ್ಪಾಯ್ತು. ನಿಜವಾಗ್ಲೂ ವಿಜ್ಞಾನಿ ನೀವು."

ವಿಜ್ಞಾನಿ ಹಲಗೆಯ ಕೆಳಗಿನಿಂದಲೇ ವಿನಯದಿಂದ ಕೈಯಾಡಿಸಿದ.

ಈ ನಡುವೆ ಮಗಳು ಮೇಜಿನ ಮೇಲೆ ರಾಶಿಬಿದ್ದ ಬ್ರೆಡ್ಡನ್ನು ನೋಡಿದಳು. ಪಾಠದ ಕೊನೆಯಲ್ಲಿ 'ಮಾಡಿ ನೋಡಿ' ಎಂಬ ಚೌಕದೊಳಗೆ ಬರೆದದ್ದನ್ನು ಆಗಷ್ಟೇ ಓದಿ ಮುಗಿಸಿದ್ದಳು: ಬ್ರೆಡ್ಡಿನ ಚೂರನ್ನು ನುಂಗದೆ ಬಹಳ ಹೊತ್ತು ಅಗಿದರೆ ಬಾಯಿ ಸಿಹಿಯಾಗುತ್ತದೆ. ಒಂದು ಚೂರು ಬಾಯಿಗೆ ಹಾಕಿಕೊಂಡು ಅಗಿದಳು. ಅಗಿದಳು. ಅವಳ ಹುಬ್ಬು ಮೇಲೆ ಹೋಯಿತು. ಇದು ತನಗೆ ಮಾತ್ರವೋ, ಎಲ್ಲರಿಗೂ ಹೀಗೆಯೋ ಎಂಬ ಅನುಮಾನ ಬಂತು. ವಿಜ್ಞಾನ ಹುಟ್ಟಿದ್ದೇ ಇಂಥ ಅನುಮಾನದಿಂದ. ಅದೇ ಕೋಣೆಯಲ್ಲಿ ಮಲಗಿದ್ದ ವಿಜ್ಞಾನಿಗೆ ಅದು ಗೊತ್ತಾಗಲಿಲ್ಲ.

"ಫೋನಜ್ಜೀ, ಇದನ್ನ ಅಗೀರಿ. ನುಂಗ್ಬಾರದು, ಮಾತಾಡ್ಬಾರದು. ಸಿಹಿ ಆದ ತಕ್ಷಣ ಕೈ ಎತ್ತಿ."

ತಂದೆ ಇಲ್ಲವಾಗಲಿರುವ ಮಗು ಕೇಳುವಾಗ ಇಲ್ಲವೆನ್ನಲು ಯಾರಿಗೆ ಬಾಯಿ ಬರುತ್ತದೆ? ಮೂವರೂ ಕಣ್ಣೀರು ಸುರಿಸುತ್ತ ಬ್ರೆಡ್ ಅಗಿದರು. ಟೈಲರು ಮೊದಲು ಕೈ ಎತ್ತಿದ. ಕಾರ್ಯದರ್ಶಿ ಅಭ್ಯಾಸಬಲದಿಂದ ನುಂಗಿಬಿಟ್ಟರು. ಅವರಿಗೆ ಇನ್ನೊಂದು ಚೂರು ಸಿಕ್ಕಿತು. ಫೋನಮ್ಮ ಅಷ್ಟು ಹೊತ್ತು ಮಾತಾಡದೆ ಇದ್ದದ್ದು ಆ ಕಟ್ಟಡದ ಚರಿತ್ರೆಯಲ್ಲೇ ಮೊದಲು.

ಆಗ ಮೆಟ್ಟಿಲ ಕೆಳಗಿನಿಂದ ಒಂದು ಗೋಳು ಎದ್ದಿತು.

"ಅಯ್ಯೋ ನನ್ನ ತಮ್ಮಾ! ಬಕೆಟ್ಟಲ್ಲಿ ಹೋಗೋ ಹಾಗಾಯ್ತಲ್ಲೋ!"

ಅಕ್ಕ ಬಸ್ಸಿಳಿದು ಬಂದಿದ್ದಳು. ಅವಳ ಹಿಂದೆಯೇ ಹೆಂಡತಿ, ಕೆಲಸ ಮುಗಿಸಿ ಬಂದವಳು, ಏನೂ ಅರ್ಥವಾಗದೆ ಅತ್ತಿಗೆಯ ಚೀಲ ಹಿಡಿದುಕೊಂಡು ಹತ್ತುತ್ತಿದ್ದಳು. ಒಳಗೆ ಬಂದವಳು ಗಂಡನನ್ನು ನೋಡಿದಳು, ಬ್ರೆಡ್ ನೋಡಿದಳು, ಬಾಯಿ ಮುಚ್ಚಿ ಅಗಿಯುತ್ತಿದ್ದ ನೆರೆಯವರನ್ನು ನೋಡಿದಳು. ಕೊನೆಗೆ ಹಲಗೆಯ ಮೇಲೆ ತನ್ನ ಬಿಸಿನೀರಿನ ಚೀಲವನ್ನು ನೋಡಿದಳು.

"ಇದು ನನ್ನದಲ್ವಾ? ತೂತು ಮಾಡಿದ್ದೀರಾ?"

"ಅನ್ನನಾಳ ಬರ್ಬೇಕಿತ್ತಲ್ಲ..."

ಹೆಂಡತಿ ಅಕ್ಕನ ಕಡೆ ತಿರುಗಿದಳು. "ಅತ್ತಿಗೆ, ಅಳ್ಬೇಡಿ. ಇವರಿಗೇನೂ ಆಗಿಲ್ಲ. ಇದು ಮಗು ಪ್ರಾಜೆಕ್ಟು."

ಸಾವು ತಪ್ಪಿದ ಮನೆಯಲ್ಲಿ ಸಂತೋಷ ಹರಡಬೇಕಿತ್ತು. ಹರಡಿದ್ದು ಸಿಟ್ಟು.

"ಏನೂ ಇಲ್ವಾ ನಿಂಗೆ?" ಅಕ್ಕ ಸೊಂಟಕ್ಕೆ ಕೈಯಿಟ್ಟು ಕೇಳಿದಳು. "ಬಸ್ಸಲ್ಲಿ ನಿಂತ್ಕೊಂಡು ಬಂದಿದ್ದೀನಿ ಕಣೋ. ದಾರಿಯುದ್ದಕ್ಕೂ ಅತ್ತಿದ್ದೀನಿ. ಒಂದು ಚೂರೂ ಏನೂ ಇಲ್ವಾ?"

ವಿಜ್ಞಾನಿಗೆ ಅಕ್ಕನನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. "ಸ್ವಲ್ಪ ಎದೆಯುರಿ ಇದೆ ಅಕ್ಕ" ಎಂದ.

"ಕಣ್ಣೀರಿಗೆ ಬೆಲೆ ಇಲ್ವೇನ್ರೀ?" ಎಂದು ಕಾರ್ಯದರ್ಶಿ ಹೊರನಡೆದರು. ಟೈಲರು ಅವರ ಹಿಂದೆ ಹೋದ. ಫೋನಮ್ಮ ಮಾತ್ರ ಹೊಸ್ತಿಲಲ್ಲಿ ನಿಂತು, "ಸೋರ್ತಿದೆ ಅಂತ ನೀನೇ ಕೂಗಿದ್ದು. ನಾನು ಒಂದಕ್ಷರ ಸೇರಿಸಿಲ್ಲ" ಎಂದು ಹೇಳಿ ತಮ್ಮ ಮಾನ ಉಳಿಸಿಕೊಂಡರು.

ಎಲ್ಲರೂ ಹೋದಮೇಲೆ ಹೆಂಡತಿ ಮಗಳ ಪುಸ್ತಕ ತೆಗೆದುಕೊಂಡಳು. "ನಾಳೆ ಪ್ರಶ್ನೆ ಕೇಳ್ತಾರಲ್ಲ, ಓದ್ಕೊಂಡಿದ್ದೀಯಾ? ಹೇಳು. ಪಿತ್ತಜನಕಾಂಗ ಎಲ್ಲಿರುತ್ತೆ?"

"ಅಪ್ಪನ ಎಡಗಾಲಲ್ಲಿ."

"ಸಣ್ಣ ಕರುಳಿನ ಕೆಲಸ ಏನು?"

"ಸೋರೋದು."

ಹೆಂಡತಿ ಗಂಡನನ್ನು ಒಮ್ಮೆ ನೋಡಿದಳು. ಅವನು ಹಲಗೆಯ ಅಡಿಗೆ ಇನ್ನಷ್ಟು ಸರಿದ. "ಬಾ ಪುಟ್ಟಿ, ಅಡುಗೆಮನೇಲಿ ಕೂತು ಓದೋಣ. ಇಲ್ಲಿ ಬೇಡ" ಎಂದು ಅವಳು ಮಗಳನ್ನು ಕರೆದುಕೊಂಡು ಬಾಗಿಲು ಹಾಕಿಕೊಂಡಳು.

ಶನಿವಾರ ಶಾಲೆಯ ಹಾಲಿನಲ್ಲಿ ಸಾಲಾಗಿ ಮೇಜುಗಳು. ಒಂದೊಂದು ಮೇಜಿನ ಮೇಲೂ ಒಂದೊಂದು ಪ್ರಾಜೆಕ್ಟು. ಒಂದೊಂದರ ಪಕ್ಕದಲ್ಲೂ ನಿದ್ದೆಗೆಟ್ಟ ಒಬ್ಬೊಬ್ಬ ಅಪ್ಪ, ಇಲ್ಲವೇ ಅಜ್ಜ. ಮಕ್ಕಳು ಹಾಲಿನ ತುದಿಯಲ್ಲಿ ಮುಟ್ಟಾಟ ಆಡುತ್ತಿದ್ದರು. ಅವರಿಗೂ ವಿಜ್ಞಾನಕ್ಕೂ ಯಾವ ಸಂಬಂಧವೂ ಕಾಣಿಸುತ್ತಿರಲಿಲ್ಲ.

ವಿಜ್ಞಾನಿ ಕರುಳನ್ನು ಹೆಗಲಿಗೆ ಹಾಕಿಕೊಂಡು ತನ್ನ ಮೇಜಿಗೆ ಬಂದ. ಪಕ್ಕದ ಮೇಜಿನ ಮೇಲೆ ಒಂದು ಜ್ವಾಲಾಮುಖಿ ಪರ್ವತ. ಯಾವ ಕ್ಲಾಸಿನ ಯಾವ ಪಾಠವೋ, ಗಾತ್ರವಂತೂ ಭಯಂಕರ. ಬಾಯಿಯವರೆಗೆ ಅಡುಗೆ ಸೋಡಾ ಸುರಿದು, ಮೊಣಕೈವರೆಗೆ ಕಂದು ಬಣ್ಣ ಬಳಿದುಕೊಂಡ ಒಬ್ಬರು ಬಗ್ಗಿ ಅದರ ಬುಡ ಗಟ್ಟಿಮಾಡುತ್ತಿದ್ದರು. ತಲೆ ಎತ್ತಿದರು.

ಸಾಹೇಬರು!

ಸಾಹೇಬರು ಎರಡು ಹೆಜ್ಜೆ ಹಿಂದಕ್ಕೆ ಹೋದರು. "ನೀವು... ಓಡಾಡ್ತಿದ್ದೀರಾ?"

"ಸರ್, ನೀವು ಇವತ್ತು ಉಪಕಚೇರಿ ತಪಾಸಣೆಗೆ ಹೋಗ್ತೀರಿ ಅಂತ ಇತ್ತಲ್ಲ..."

ಸಾಹೇಬರು ಗುಮಾಸ್ತನ ಹೆಗಲ ಮೇಲಿದ್ದ ಪೈಪನ್ನು ನೋಡಿದರು. ಗುಮಾಸ್ತ ಸಾಹೇಬರ ಪರ್ವತವನ್ನು ನೋಡಿದ.

"ಇದೇ ತಪಾಸಣೆ" ಎಂದರು ಸಾಹೇಬರು ಕೊನೆಗೆ. "ಮೊಮ್ಮಗಂದು."

"ಇದೇ ಕರುಳು ಸರ್. ಮಗಳದ್ದು."

ಇಬ್ಬರು ಸರ್ಕಾರಿ ನೌಕರರು ಒಬ್ಬರನ್ನೊಬ್ಬರು ಪೂರ್ತಿಯಾಗಿ ಅರ್ಥಮಾಡಿಕೊಂಡರು. ಕಡತ ಅಲ್ಲೇ ಮುಕ್ತಾಯವಾಯಿತು.

ಟೀಚರು ಬಂದರು. ಸಣ್ಣ ಆಕೃತಿಯ, ಮೆಲುಮಾತಿನ ಹೆಂಗಸು. ಮಗಳನ್ನು ಕರೆದು ಕೇಳಿದರು: "ಹೇಳಮ್ಮ, ಇದರಲ್ಲಿ ಹೊಟ್ಟೆ ಯಾವುದು?"

"ಹೊಟ್ಟೆ ಅಂದ್ರೆ ಜಠರ!" ಎಂದ ವಿಜ್ಞಾನಿ.

"ಅವಳನ್ನ ಕೇಳಿದೆ. ಹೊಟ್ಟೇಲಿ ಏನಾಗುತ್ತೆ ಪುಟ್ಟಿ?"

"ಆಮ್ಲದ ಜೊತೆ ಕಲಸುತ್ತೆ ಮೇಡಂ!" ಈ ಸಲವೂ ವಿಜ್ಞಾನಿಯೇ. " ಮಾಡಿ ತೋರಿಸ್ತೀನಿ ನೋಡಿ."

"ನೀವು ಯಾವ ಸೆಕ್ಷನ್ನು?" ಎಂದು ಟೀಚರು ಬಹಳ ಮರ್ಯಾದೆಯಿಂದ ಕೇಳಿದರು. ವಿಜ್ಞಾನಿ ಆಗಲೇ ಹಲ್ಲುಸೆಟ್ಟಿನ ನಡುವೆ ಬಾಳೆಹಣ್ಣು ತುರುಕಿ ಪಂಪು ಹಿಡಿದಿದ್ದ.

ಒಮ್ಮೆ ಒತ್ತಿದ. ಹೊಟ್ಟೆ ಉಬ್ಬಿತು. ಇನ್ನೊಮ್ಮೆ ಒತ್ತಿದ. ಹೊಟ್ಟೆ ಫುಟ್‌ಬಾಲಾಯಿತು, ಕರುಳು ಅಲುಗಲಿಲ್ಲ. ಬಾಳೆಹಣ್ಣು ಎಲ್ಲೋ ಸಿಕ್ಕಿಹಾಕಿಕೊಂಡಿತ್ತು.

"ಮಲಬದ್ಧತೆ" ಎಂದರು ಸಾಹೇಬರು, ತಿಳಿದವರಂತೆ. "ಜೋರಾಗಿ ಒತ್ರೀ."

ಮೇಲಧಿಕಾರಿಯ ಆದೇಶ. ವಿಜ್ಞಾನಿ ಮೈಭಾರವೆಲ್ಲ ಹಾಕಿ ಒತ್ತಿದ. ಹೊಟ್ಟೆ ಸಿಡಿಯಿತು. ಅಜ್ಜಿಯ ಹಲ್ಲುಗಳು ಹಾಲಿನ ಆಚೆ ಬದಿಗೆ ಹಾರಿ ಮುಖ್ಯೋಪಾಧ್ಯಾಯಿನಿಯ ಹಾಜರಿ ಪುಸ್ತಕವನ್ನು ಕಚ್ಚಿಕೊಂಡವು. ಚಪ್ಪಲಿ ಕಳಚಿ ಬಿತ್ತು. ಹೊಟ್ಟೆಯಲ್ಲಿದ್ದ ನಿಂಬೆರಸ ಅಷ್ಟೂ ಚಿಮ್ಮಿ ಪಕ್ಕದ ಮೇಜಿನ ಪರ್ವತದ ಬಾಯಿಗೆ ಬಿತ್ತು. ಅಲ್ಲಿ ಸಾಹೇಬರ ಸೋಡಾ ಕಾದು ಕೂತಿತ್ತು. ಬುಸ್ಸೆಂದು ನೊರೆಯೆದ್ದು, ಪರ್ವತದ ತಲೆ ಹಾರಿ, ಕಂದು ಲಾವಾ ಇಬ್ಬರು ನೌಕರರ ಮೇಲೂ ಸಮಾನವಾಗಿ ಹರಿಯಿತು.

ಮಕ್ಕಳು ಮುಟ್ಟಾಟ ಬಿಟ್ಟು ಓಡಿಬಂದರು. ಅಷ್ಟು ಮನಸಾರೆ ಬಿದ್ದ ಚಪ್ಪಾಳೆಯನ್ನು ಆ ಹಾಲು ಹಿಂದೆಂದೂ ಕೇಳಿರಲಿಲ್ಲ.

ಗದ್ದಲ ನಿಂತಮೇಲೆ ಟೀಚರು ಮಗಳ ಕಡೆ ಬಗ್ಗಿದರು. "ಇದು ಅಪ್ಪನ ಪ್ರಾಜೆಕ್ಟು. ಆಯ್ತು. ನಿಂದೆಲ್ಲಿ?"

ಮಗಳು ನೊರೆಯಲ್ಲಿ ನಿಂತ ಅಪ್ಪನನ್ನು ನೋಡಿದಳು. ಆಮೇಲೆ ಬ್ಯಾಗಿನಿಂದ ಬ್ರೆಡ್ಡಿನ ಪೊಟ್ಟಣ ತೆಗೆದಳು. ಟೀಚರಿಗೊಂದು, ಮುಖ್ಯೋಪಾಧ್ಯಾಯಿನಿಗೊಂದು, ಸಾಹೇಬರಿಗೊಂದು, ಅಪ್ಪನಿಗೊಂದು ಚೂರು ಕೊಟ್ಟಳು. ಉಳಿದ ಅಪ್ಪಂದಿರೂ ತಾವಾಗಿಯೇ ಕೈಚಾಚಿದರು. ಬೆಳಗ್ಗೆಯಿಂದ ಯಾರೂ ಏನೂ ತಿಂದಿರಲಿಲ್ಲ.

"ಎಲ್ಲರೂ ಅಗೀರಿ. ಸಿಹಿ ಆದ ತಕ್ಷಣ ಕೈ ಎತ್ತಿ. ನುಂಗ್ಬಾರದು, ಮಾತಾಡ್ಬಾರದು."

ಹಾಲಿನ ತುಂಬ ದೊಡ್ಡವರು ಬಾಯಿ ಮುಚ್ಚಿಕೊಂಡು ಅಗಿಯತೊಡಗಿದರು. ಆ ಮೌನದಲ್ಲಿ ಮಗಳ ದನಿ, ಮೊದಲು ಸಣ್ಣಗೆ, ಆಮೇಲೆ ಸ್ಪಷ್ಟವಾಗಿ ಕೇಳಿಸಿತು:

"ಬ್ರೆಡ್ಡಲ್ಲಿ ಪಿಷ್ಟ ಇರುತ್ತೆ, ಸಕ್ಕರೆ ತರ ರುಚಿ ಇರಲ್ಲ. ನಮ್ಮ ಜೊಲ್ಲು ಅದನ್ನ ಸಕ್ಕರೆ ಮಾಡುತ್ತೆ. ಅರಗೋದು ಹೊಟ್ಟೇಲಿ ಶುರುವಾಗಲ್ಲ, ಬಾಯಲ್ಲೇ ಶುರು. ನಾನು ನಮ್ಮ ಕಟ್ಟಡದವರಿಗೆಲ್ಲ ಕೊಟ್ಟು ನೋಡಿದೆ. ಟೈಲರ್ ಮಾಮಂಗೆ ಬೇಗ ಬಂತು. ಮಾತಾಡ್ತಾ ಅಗಿದ್ರೆ ಗೊತ್ತೇ ಆಗಲ್ಲ."

ಟೀಚರು ಬ್ರೆಡ್ಡನ್ನು ಕೆನ್ನೆಗೆ ಸರಿಸಿ ಕಷ್ಟಪಟ್ಟು ಕೇಳಿದರು: "ಸಣ್ಣ ಕರುಳಿನ ಕೆಲಸ?"

ವಿಜ್ಞಾನಿಯ ಬಾಯಿ ತೆರೆಯಿತು.

"ಅಪ್ಪಾ, ಅಗಿ" ಎಂದಳು ಮಗಳು.

ಬಾಯಿ ಮುಚ್ಚಿತು.

"ಅರಗಿದ್ದರಲ್ಲಿ ಒಳ್ಳೇದನ್ನೆಲ್ಲ ಹೀರ್ಕೊಂಡು ರಕ್ತಕ್ಕೆ ಕೊಡೋದು, ಮಿಸ್. ಅಮ್ಮ ಕೇಳಿದಾಗ ಮೊದಲು ತಪ್ಪು ಹೇಳಿದ್ದೆ."

ಟೀಚರು ತಲೆಯಾಡಿಸಿದರು. ಮುಖ್ಯೋಪಾಧ್ಯಾಯಿನಿ ತಲೆಯಾಡಿಸಿದರು. ವಿಜ್ಞಾನಿ ಕಂದು ನೊರೆಯ ನಡುವೆ ಒಂದೇ ಕಾಲಿನಲ್ಲಿ ಚಪ್ಪಲಿ ಹಾಕಿಕೊಂಡು ನಿಂತು ಅಗಿಯುತ್ತಿದ್ದ. ಇಷ್ಟು ವರ್ಷ ಬ್ರೆಡ್ ತಿಂದಿದ್ದ. ತಿನ್ನುವಾಗೆಲ್ಲ ಯಾರಿಗಾದರೂ ಏನಾದರೂ ವಿವರಿಸುತ್ತಲೇ ಇದ್ದ. ಈಗ ನಾಲಿಗೆಯ ಬದಿಯಲ್ಲಿ ಏನೋ ಬಂತು. ತೆಳ್ಳಗೆ, ನಾಚಿಕೊಂಡಂತೆ. ಅವನಿಗೆ ಆಶ್ಚರ್ಯವಾಯಿತು. ಇದಕ್ಕೆ ಕಾರಣವೇನೆಂದು ಅಕ್ಕಪಕ್ಕದವರಿಗೆ ಹೇಳಬೇಕೆನ್ನಿಸಿತು. ಆದರೆ ಕಾರಣವನ್ನು ಮಗಳು ಆಗಲೇ ಹೇಳಿಬಿಟ್ಟಿದ್ದಳು.

ಅವನು ಮೆಲ್ಲಗೆ ಕೈ ಎತ್ತಿದ.

"ಮೊದಲನೇದು ನಮ್ಮಪ್ಪ!" ಎಂದಳು ಮಗಳು.